ಸ್ಕ್ಯಾನಿಂಗ್ ತಂತ್ರಾಂಶದ ಸೆಟ್ಟಿಂಗ್ಸ್: ಬಳ್ಳಾರಿ, ರಾಯಚೂರು, ಕೊಪ್ಪಳದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಎಷ್ಟೋ ಮನೆಗಳ ಟ್ರಂಕಿನಲ್ಲಿ ಹಳೆ ಕಾಗದಗಳಿವೆ. ಕ್ರಯಪತ್ರ, ಕೈಬರಹದ ಪಹಣಿ, ಬಯಲಾಟದ ಪುಸ್ತಕ, ನಾಟಕದ ಕರಪತ್ರ, ಅಜ್ಜನ ಫೋಟೊ. ಇವನ್ನು ಸ್ಕ್ಯಾನ್ ಮಾಡಲು ಕೂತವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಹೆಚ್ಚಿನ ಉದಾಹರಣೆಗಳು ನ್ಯಾಪ್ಸ್2 ತಂತ್ರಾಂಶದ್ದು. ಅದು ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ನಿಮ್ಮ ಹತ್ತಿರ ಬೇರೆ ತಂತ್ರಾಂಶ ಇದ್ದರೂ ಚಿಂತೆಯಿಲ್ಲ, ಸೆಟ್ಟಿಂಗ್‌ಗಳ ಹೆಸರು ಹೆಚ್ಚುಕಡಿಮೆ ಒಂದೇ.

ಪ್ರಿಫರೆನ್ಸಸ್ ಎಲ್ಲಿರುತ್ತದೆ? ಅದನ್ನು ಮುಟ್ಟಲೇಬೇಕಾ?

ಮುಟ್ಟಲೇಬೇಕು. ಹೊಸ ಸ್ಕ್ಯಾನರ್ ಬರುವಾಗಲೇ ಅದರ ಸೆಟ್ಟಿಂಗ್ ಆಫೀಸ್ ಕಾಗದಕ್ಕೆ ಹೊಂದುವಂತೆ ಇರುತ್ತದೆ. ಬಿಳಿ ಹಾಳೆ, ಕಪ್ಪು ಅಕ್ಷರ, ಎ4 ಅಳತೆ. ನಮ್ಮ ಟ್ರಂಕಿನ ಕಾಗದ ಹಳದಿಯಾಗಿದೆ, ಮಾಸಿದೆ, ಎ4ಗಿಂತ ಉದ್ದವಿದೆ.

ಪ್ರೊಫೈಲ್ ಎಂದರೆ ಹೆಸರಿಟ್ಟು ಉಳಿಸಿದ ಸೆಟ್ಟಿಂಗ್‌ಗಳ ಗುಂಪು. ನ್ಯಾಪ್ಸ್2ರಲ್ಲಿ ಪ್ರೊಫೈಲ್ಸ್ ಬಟನ್ ಒತ್ತಿ, ನಿಮ್ಮ ಪ್ರೊಫೈಲ್ ಆರಿಸಿ, ಎಡಿಟ್ ಒತ್ತಿ. ಅಲ್ಲಿ ಎರಡು ಆಯ್ಕೆ ಕಾಣುತ್ತವೆ. ಒಂದು ಪ್ರಿಡಿಫೈನ್ಡ್ ಸೆಟ್ಟಿಂಗ್ಸ್, ಇನ್ನೊಂದು ನೇಟಿವ್ ಯುಐ. ಮೊದಲನೆಯದನ್ನು ಆರಿಸಿದರೆ ಒಮ್ಮೆ ಹೇಳಿದ್ದನ್ನೇ ಪ್ರತಿ ಸಲ ಪಾಲಿಸುತ್ತದೆ. ಎರಡನೆಯದರಲ್ಲಿ ಪ್ರತಿ ಸಲ ಸ್ಕ್ಯಾನರ್ ಕಂಪನಿಯ ಕಿಟಕಿ ತೆರೆದುಕೊಳ್ಳುತ್ತದೆ. ಲಿನಕ್ಸ್‌ನ ಡಾಕ್ಯುಮೆಂಟ್ ಸ್ಕ್ಯಾನರ್‌ನಲ್ಲಿ ಮೂರು ಗೆರೆಯ ಮೆನು ಒಳಗೆ ಪ್ರಿಫರೆನ್ಸಸ್ ಇದೆ. ವ್ಯೂಸ್ಕ್ಯಾನ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಎಲ್ಲ ಸೆಟ್ಟಿಂಗ್ ಕಾಣಬೇಕಾದರೆ ಪ್ರೊಫೆಷನಲ್ ಆಯ್ಕೆ ಒತ್ತಬೇಕು. ಆಗ ಇನ್‌ಪುಟ್, ಕ್ರಾಪ್, ಫಿಲ್ಟರ್, ಕಲರ್, ಔಟ್‌ಪುಟ್, ಪ್ರಿಫ್ಸ್ ಟ್ಯಾಬ್‌ಗಳು ಪೂರ್ತಿ ತೆರೆದುಕೊಳ್ಳುತ್ತವೆ. ಮ್ಯಾಕ್‌ನ ಇಮೇಜ್ ಕ್ಯಾಪ್ಚರ್‌ನಲ್ಲಿ ಶೋ ಡೀಟೇಲ್ಸ್ ಒತ್ತಿ.

ಪ್ರತಿ ಸಲ ಸೆಟ್ಟಿಂಗ್ ಬದಲಿಸುವುದು ಬೇಜಾರು. ದಾರಿ ಇದೆಯಾ?

ಇದೆ. ಕಾಗದದ ಬಗೆಗೆ ಒಂದೊಂದು ಪ್ರೊಫೈಲ್ ಮಾಡಿ, ಕನ್ನಡದಲ್ಲೇ ಹೆಸರಿಡಿ. ಜಮೀನು ಕಾಗದ, ಕೈಬರಹ, ಫೋಟೊ, ವಾಟ್ಸಾಪ್‌ಗೆ ಕಳಿಸಲು. ಹೀಗೆ ಮಾಡಿಟ್ಟರೆ ಮನೆಯಲ್ಲಿ ಯಾರು ಕೂತರೂ ಒಂದೇ ಗುಣಮಟ್ಟದಲ್ಲಿ ಸ್ಕ್ಯಾನ್ ಬರುತ್ತದೆ.

ಡಿಪಿಐ ಎಷ್ಟಿರಬೇಕು? ಜಾಸ್ತಿ ಇಟ್ಟಷ್ಟೂ ಒಳ್ಳೆಯದಲ್ವಾ?

ಒಂದು ಮಿತಿಯವರೆಗೆ ಮಾತ್ರ ಒಳ್ಳೆಯದು. ಕಾಗದದ ಒಂದು ಇಂಚನ್ನು ಸ್ಕ್ಯಾನರ್ ಎಷ್ಟು ಚುಕ್ಕಿಗಳಾಗಿ ನೋಡುತ್ತದೆ ಅನ್ನುವುದೇ ಡಿಪಿಐ. ಮುದ್ರಣದ ಕಾಗದಕ್ಕೆ 300 ಸಾಕು. ಕೈಬರಹ, ಸಣ್ಣ ಅಕ್ಷರ, ಮಾಸಿದ ಸೀಲು ಇದ್ದರೆ 400 ಅಥವಾ 600 ಇಡಿ.

ಲೆಕ್ಕ ನೋಡಿ. ಎ4 ಹಾಳೆ 300 ಡಿಪಿಐಯಲ್ಲಿ 2480 ಚುಕ್ಕಿ ಅಗಲ, 3508 ಚುಕ್ಕಿ ಎತ್ತರದ ಚಿತ್ರವಾಗುತ್ತದೆ. ಬಣ್ಣದಲ್ಲಿ, ಕುಗ್ಗಿಸದೆ ಉಳಿಸಿದರೆ ಸುಮಾರು 26 ಎಂಬಿ. ಅದನ್ನೇ 600 ಮಾಡಿದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ, ಸುಮಾರು 104 ಎಂಬಿ. ಏಕೆಂದರೆ ಅಗಲವೂ ದುಪ್ಪಟ್ಟು, ಎತ್ತರವೂ ದುಪ್ಪಟ್ಟು. ಐವತ್ತು ಪುಟದ ಬಯಲಾಟದ ಪುಸ್ತಕಕ್ಕೆ ಇದು ದೊಡ್ಡ ವ್ಯತ್ಯಾಸ.

ಸ್ಕ್ಯಾನರ್ ಡಬ್ಬದ ಮೇಲೆ 9600, 19200 ಎಂದು ಬರೆದಿದ್ದರೆ ಮರುಳಾಗಬೇಡಿ. ಅದು ಹೆಚ್ಚಾಗಿ ತಂತ್ರಾಂಶ ಊಹಿಸಿ ತುಂಬಿದ ಚುಕ್ಕಿಗಳ ಲೆಕ್ಕ. ಗಾಜಿನ ಕೆಳಗಿನ ಸೆನ್ಸರ್ ನಿಜವಾಗಿ ನೋಡುವುದನ್ನು ಆಪ್ಟಿಕಲ್ ರೆಸಲ್ಯೂಷನ್ ಅನ್ನುತ್ತಾರೆ. ಆ ಅಂಕಿ ದಾಟಿ ಇಟ್ಟರೆ ಫೈಲ್ ಊದಿಕೊಳ್ಳುತ್ತದೆ, ಹೊಸ ವಿವರ ಏನೂ ಬರುವುದಿಲ್ಲ.

ಕಲರ್, ಗ್ರೇ, ಬ್ಲ್ಯಾಕ್ ಆ್ಯಂಡ್ ವೈಟ್. ಮೂರರಲ್ಲಿ ಯಾವುದು?

ಈ ಒಂದು ಪ್ರಶ್ನೆಗೆ ನಿಧಾನವಾಗಿ ಉತ್ತರ ಕೊಡಬೇಕು. ಕನ್ನಡದ ಕಾಗದಗಳಿಗೆ ಅತಿ ಹೆಚ್ಚು ಹಾನಿ ಆಗುವುದು ಇಲ್ಲೇ.

ಬ್ಲ್ಯಾಕ್ ಆ್ಯಂಡ್ ವೈಟ್ ಎಂದರೆ ಪ್ರತಿ ಚುಕ್ಕಿಯೂ ಪೂರ್ತಿ ಕಪ್ಪು ಅಥವಾ ಪೂರ್ತಿ ಬಿಳಿ. ನಡುವೆ ಏನೂ ಇಲ್ಲ. ಇಂಗ್ಲಿಷ್ ಅಕ್ಷರಕ್ಕೆ ಇದು ಹೇಗೋ ನಡೆಯುತ್ತದೆ. ನಮ್ಮ ಅಕ್ಷರಗಳಲ್ಲಿ ಅರ್ಥ ನಿಂತಿರುವುದು ಸಣ್ಣ ಗೆರೆಗಳ ಮೇಲೆ. ದ ಅಕ್ಷರದ ಹೊಟ್ಟೆ ಸೀಳಿದರೆ ಧ. ಬ ಮತ್ತು ಭ, ಡ ಮತ್ತು ಢ, ಪ ಮತ್ತು ಫ, ಇವೂ ಅಷ್ಟೇ. ಆ ಸೀಳಿನ ಗೆರೆ ಮಾಸಿದ್ದರೆ ಬ್ಲ್ಯಾಕ್ ಆ್ಯಂಡ್ ವೈಟ್ ಸೆಟ್ಟಿಂಗ್ ಅದನ್ನು ಬಿಳಿ ಎಂದು ತೀರ್ಮಾನಿಸಿ ಅಳಿಸಿಬಿಡುತ್ತದೆ. ಒತ್ತಕ್ಷರಗಳು ಸಣ್ಣವು, ಮಸಿ ತುಂಬಿಕೊಂಡಿದ್ದರೆ ಅವು ಕಪ್ಪು ಉಂಡೆಗಳಾಗುತ್ತವೆ. ಹಳೆ ಪಹಣಿಯ ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಮೊದಲೇ ಒಂದನ್ನೊಂದು ಹೋಲುತ್ತವೆ. ಕೊನೆಯ ಕೊಕ್ಕೆ ಹೋದರೆ ಸರ್ವೆ ನಂಬರೇ ಬದಲಾಗುತ್ತದೆ.

ಹಾಗಾಗಿ ಉಳಿಸಿಡುವ ಪ್ರತಿಗೆ ಕಲರ್ ಇಡಿ. ಕಾಗದ ಪೂರ್ತಿ ಕಪ್ಪು ಬಿಳುಪಾಗಿದ್ದರೂ ಕಲರ್ ಇಡಿ. ಛಾಪಾ ಕಾಗದದ ಬಣ್ಣ, ನೇರಳೆ ಸೀಲು, ನೀಲಿ ಮಸಿಯ ಸಹಿ, ಕೆಂಪು ಪೆನ್ನಿನ ತಿದ್ದುಪಡಿ, ಇವೆಲ್ಲ ಪುರಾವೆಗಳು. ಯಾವುದು ಮೊದಲು ಬರೆದದ್ದು, ಯಾವುದು ಆಮೇಲೆ ಸೇರಿಸಿದ್ದು ಎಂದು ಬಣ್ಣ ಹೇಳುತ್ತದೆ. ನಾಟಕದ ಕರಪತ್ರಗಳನ್ನು ಹಳದಿ, ಗುಲಾಬಿ, ಹಸಿರು ಹಾಳೆಯಲ್ಲಿ ಅಚ್ಚು ಹಾಕಿಸುತ್ತಿದ್ದರು. ಬಳ್ಳಾರಿ ರಾಘವರಂಥ ನಟರ ಊರಿನಲ್ಲಿ ಆ ಬಣ್ಣವೂ ರಂಗಭೂಮಿಯ ಚರಿತ್ರೆಯೇ.

ಜಾಗ ಕಡಿಮೆ ಇದ್ದರೆ, ಬರೀ ಕಪ್ಪು ಮುದ್ರಣದ ಪುಸ್ತಕಕ್ಕೆ ಗ್ರೇ ಸಾಕು. ಫೈಲ್ ಕಲರ್‌ನ ಮೂರನೇ ಒಂದು ಭಾಗ ಆಗುತ್ತದೆ. ಬ್ಲ್ಯಾಕ್ ಆ್ಯಂಡ್ ವೈಟ್ ಬೇಕಾದರೆ ಆಮೇಲೆ ಆ ಸ್ಕ್ಯಾನ್‌ನ ಇನ್ನೊಂದು ಪ್ರತಿಯಲ್ಲಿ ಮಾಡಿಕೊಳ್ಳಿ. ಕಲರ್‌ನಿಂದ ಬ್ಲ್ಯಾಕ್ ಆ್ಯಂಡ್ ವೈಟ್ ಮಾಡಬಹುದು, ತಿರುಗಿ ಬರಲು ಆಗುವುದಿಲ್ಲ.

ಡ್ರಾಪ್‌ಔಟ್ ಕಲರ್ ಎಂದು ಒಂದು ಆಯ್ಕೆ ಇದೆ. ಏನದು?

ಒಂದು ಬಣ್ಣವನ್ನು ಬೇಕೆಂದೇ ಕಾಣದಂತೆ ಮಾಡುವ ಆಯ್ಕೆ. ಅರ್ಜಿ ನಮೂನೆಯ ಕೆಂಪು ಗೆರೆ ತೆಗೆದು, ತುಂಬಿದ ಅಕ್ಷರ ಮಾತ್ರ ಉಳಿಸಲು ಬಳಸುತ್ತಾರೆ. ಆಸ್ತಿ ಪತ್ರಕ್ಕೆ ಇದನ್ನು ಆಫ್ ಇಡಿ. ಗೆರೆಯ ಜೊತೆ ಸೀಲೂ ಹೋಗಬಹುದು.

ಕ್ರಯಪತ್ರದ ಕೆಳಭಾಗ ಕತ್ತರಿಸಿ ಬರುತ್ತದೆ. ಏನು ಮಾಡಲಿ?

ಛಾಪಾ ಕಾಗದ ಹೆಚ್ಚಾಗಿ ಲೀಗಲ್ ಅಳತೆಯದು, ಸುಮಾರು 356 ಮಿಲಿಮೀಟರ್ ಉದ್ದ. ಸಾಮಾನ್ಯ ಸ್ಕ್ಯಾನರ್ ಗಾಜು 297 ಮಿಲಿಮೀಟರ್ ಮಾತ್ರ. ಪೇಜ್ ಸೈಜ್ ಲೀಗಲ್ ಎಂದು ಬದಲಿಸಿದರೂ ಗಾಜು ಉದ್ದವಾಗುವುದಿಲ್ಲ, ಅಲ್ವಾ?

ಮೇಲೆ ಹಾಳೆ ಎಳೆದುಕೊಳ್ಳುವ ಫೀಡರ್ ಇದ್ದರೆ ಪೇಪರ್ ಸೋರ್ಸ್‌ನಲ್ಲಿ ಫೀಡರ್ ಆರಿಸಿ, ಅಳತೆ ಲೀಗಲ್ ಇಡಿ. ಆದರೆ ಮಡಿಕೆ ಬಿದ್ದು ಹರಿಯುವ ಹಂತದಲ್ಲಿರುವ ಹಾಳೆಯನ್ನು ಫೀಡರ್‌ಗೆ ಎಂದಿಗೂ ಹಾಕಬೇಡಿ. ಅದನ್ನು ಗಾಜಿನ ಮೇಲಿಟ್ಟು ಎರಡು ಸಲ ಸ್ಕ್ಯಾನ್ ಮಾಡಿ, ಮೇಲಿನ ಭಾಗ ಒಮ್ಮೆ, ಕೆಳಗಿನ ಭಾಗ ಒಮ್ಮೆ. ನಡುವೆ ಮೂರು ನಾಲ್ಕು ಸಾಲು ಎರಡರಲ್ಲೂ ಬರಲಿ. ಜೋಡಿಸದೆ ಹಾಗೇ ಎರಡು ಪುಟವಾಗಿ ಉಳಿಸಿದರೂ ತೊಂದರೆಯಿಲ್ಲ, ಏನೂ ಕಳೆದಿಲ್ಲ ಎಂದು ನೋಡಿದವರಿಗೆ ಗೊತ್ತಾಗುತ್ತದೆ.

ಚಿತ್ರದ ಅಂಚನ್ನು ತಾನೇ ಕತ್ತರಿಸುವ ಆಟೊ ಕ್ರಾಪ್ ಆನ್ ಇದ್ದರೆ ಆಫ್ ಮಾಡಿ. ಅದು ಅಂಚಿನ ಟಿಪ್ಪಣಿಯನ್ನೂ ಕೊನೆ ಸಾಲಿನ ಒತ್ತಕ್ಷರಗಳನ್ನೂ ಹೊರಗೆ ಬಿಡುತ್ತದೆ. ಕಾಗದದ ನಾಲ್ಕೂ ಅಂಚು ಚಿತ್ರದಲ್ಲಿ ಕಾಣಬೇಕು.

ತೆಳು ಕಾಗದ. ಹಿಂದಿನ ಪುಟದ ಅಕ್ಷರ ಮುಂದೆ ಮೂಡುತ್ತದೆ.

ಸೆಟ್ಟಿಂಗ್ ಹುಡುಕುವ ಮೊದಲು ಹಾಳೆಯ ಹಿಂದೆ ಒಂದು ಕಪ್ಪು ಕಾಗದ ಇಡಿ. ಸ್ಕ್ಯಾನರ್ ಮುಚ್ಚಳದ ಬಿಳಿ ಹಾಸು ಬೆಳಕನ್ನು ವಾಪಸ್ ತಳ್ಳುತ್ತದೆ, ಅದರಿಂದಲೇ ಹಿಂದಿನ ಅಕ್ಷರ ಕಾಣುವುದು. ಕಪ್ಪು ಹಾಳೆ ಆ ಬೆಳಕನ್ನು ನುಂಗುತ್ತದೆ. ಪುಟ ಸ್ವಲ್ಪ ಮಬ್ಬಾಗಿ ಬರುತ್ತದೆ, ಅದನ್ನು ಪ್ರತಿಯಲ್ಲಿ ಸರಿಪಡಿಸಬಹುದು. ಬ್ರೈಟ್‌ನೆಸ್ ಏರಿಸಿ ಹಿಂದಿನ ಅಕ್ಷರ ಓಡಿಸಲು ಹೋದರೆ ಮುಂದಿನ ಪೆನ್ಸಿಲ್ ಗುರುತುಗಳೂ ಹೋಗುತ್ತವೆ.

ಬ್ರೈಟ್‌ನೆಸ್, ಕಾಂಟ್ರಾಸ್ಟ್, ಶಾರ್ಪನ್, ರಿಸ್ಟೋರ್ ಕಲರ್. ಇವನ್ನು ಎಷ್ಟಿಡಬೇಕು?

ಮೂಲ ಸ್ಕ್ಯಾನ್‌ನಲ್ಲಿ ಎಲ್ಲವೂ ಸೊನ್ನೆ ಅಥವಾ ಆಫ್. ಈ ಮಾತನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಇವು ಚಿತ್ರವನ್ನು ಚೆಂದ ಮಾಡುವ ಉಪಾಯಗಳು. ಆದರೆ ಸ್ಕ್ಯಾನ್ ಮಾಡುವಾಗಲೇ ಚೆಂದ ಮಾಡಿದರೆ, ಬಿಟ್ಟುಹೋದದ್ದು ಏನೆಂದು ನಾಳೆ ಯಾರಿಗೂ ತಿಳಿಯುವುದಿಲ್ಲ. ಮೊದಲು ಇದ್ದದ್ದನ್ನು ಇದ್ದ ಹಾಗೆ ತೆಗೆಯಿರಿ. ಆಮೇಲೆ ಕಾಪಿ ಮಾಡಿಕೊಂಡು ಅದರ ಮೇಲೆ ಬೇಕಾದ ಹಾಗೆ ತಿದ್ದಿ.

ಎರಡು ವಿನಾಯಿತಿ. ಸೊಟ್ಟಗಿದ್ದ ಪುಟವನ್ನು ನೆಟ್ಟಗೆ ಮಾಡುವ ಡೆಸ್ಕ್ಯೂ ಆನ್ ಇರಬಹುದು. ಖಾಲಿ ಪುಟ ಬಿಡುವ ಆಯ್ಕೆಯನ್ನು ಹೊಸ ಆಫೀಸ್ ಕಾಗದಕ್ಕೆ ಬಳಸಬಹುದು. ಹಳೆ ಕಾಗದಕ್ಕೆ ಬೇಡ. ಖಾಲಿ ಅನ್ನಿಸುವ ಹಿಂಬದಿಯಲ್ಲಿ ಮಾಸಿದ ಒಂದು ಸೀಲು ಇರಬಹುದು.

ಪ್ರತಿ ಪುಟದಲ್ಲೂ ಉದ್ದಕ್ಕೆ ಒಂದು ಗೆರೆ ಬರುತ್ತದೆ. ಯಾವ ಸೆಟ್ಟಿಂಗ್ ಬದಲಿಸಲಿ?

ಸೆಟ್ಟಿಂಗ್ ಅಲ್ಲ, ಧೂಳು. ಫೀಡರ್ ಇರುವ ಯಂತ್ರದಲ್ಲಿ ದೊಡ್ಡ ಗಾಜಿನ ಪಕ್ಕ ಒಂದು ಕಿರಿದಾದ ಗಾಜಿನ ಪಟ್ಟಿ ಇರುತ್ತದೆ. ಹಾಳೆ ಅದರ ಮೇಲೆ ಸರಿಯುತ್ತದೆ. ಅಲ್ಲಿ ಒಂದು ಕಣ ಕೂತರೆ ಸಾಕು, ಪುಟದ ಉದ್ದಕ್ಕೂ ಗೆರೆ.

ಸಂಡೂರು, ಹೊಸಪೇಟೆ, ತೋರಣಗಲ್ಲು ಕಡೆ ಕೆಂಪು ಅದಿರಿನ ಧೂಳು, ರಾಯಚೂರಿನಲ್ಲಿ ಹತ್ತಿಯ ನೂಲು, ಗಂಗಾವತಿಯಲ್ಲಿ ಅಕ್ಕಿ ಮಿಲ್ಲಿನ ಹೊಟ್ಟು. ನಮ್ಮ ಜಿಲ್ಲೆಗಳಲ್ಲಿ ಕೂತ ಸ್ಕ್ಯಾನರ್ ದಿನವೂ ಒರೆಸಿಸಿಕೊಳ್ಳಬೇಕು. ಅದಿರಿನ ಕಣ ಗಟ್ಟಿ, ಗಾಜನ್ನು ಗೀಚುತ್ತದೆ. ಹಾಗಾಗಿ ಮೊದಲು ಮೆತ್ತನೆ ಬ್ರಷ್‌ನಿಂದ ಕಣ ತೆಗೆಯಿರಿ, ಆಮೇಲೆ ಒಣ ಮೈಕ್ರೋಫೈಬರ್ ಬಟ್ಟೆ. ದ್ರವ ಬೇಕಾದರೆ ಬಟ್ಟೆಗೆ ಹಾಕಿ, ಗಾಜಿಗೆ ಸುರಿಯಬೇಡಿ. ಕೆಲಸ ಮುಗಿದ ಮೇಲೆ ಹೊದಿಕೆ ಹಾಕಿ.

ಡಸ್ಟ್ ರಿಮೂವಲ್ ಎಂಬ ಸೆಟ್ಟಿಂಗ್ ಇದೆಯಲ್ಲ ಎಂದು ಕೇಳುತ್ತಾರೆ. ಬರೀ ತಂತ್ರಾಂಶದಿಂದ ನಡೆಯುವ ಆ ಆಯ್ಕೆಗೆ ಧೂಳಿನ ಚುಕ್ಕಿ ಯಾವುದು, ಅನುಸ್ವಾರ ಯಾವುದು ಎಂದು ಖಚಿತವಾಗಿ ಗೊತ್ತಾಗುವುದಿಲ್ಲ. ಅಕ್ಷರ ಇರುವ ಕಾಗದಕ್ಕೆ ಅದು ಬೇಡ.

ಸ್ಕ್ಯಾನ್ ಮಾಡಿದ ಕನ್ನಡ ಪುಟದಲ್ಲಿ ಪದ ಹುಡುಕಲು ಆಗುತ್ತದಾ?

ಆಗುತ್ತದೆ. ಅದಕ್ಕೆ ಒಸಿಆರ್ ಬೇಕು, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ವಿಧಾನ. ನ್ಯಾಪ್ಸ್2 ಬಳಸುವುದು ಟೆಸರಾಕ್ಟ್ ಎಂಬ ಎಂಜಿನ್. ಅದು 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಒಸಿಆರ್ ಬಟನ್ ಒತ್ತಿ, ಭಾಷೆಗಳ ಪಟ್ಟಿಯಲ್ಲಿ ಕನ್ನಡ ಆರಿಸಿ ಇಳಿಸಿಕೊಳ್ಳಿ. ಆ ಮೇಲೆ ಪಿಡಿಎಫ್ ಉಳಿಸಿದಾಗ ಚಿತ್ರದ ಹಿಂದೆ ಕಾಣದ ಪಠ್ಯ ಸೇರುತ್ತದೆ. ಭಾಷೆ ಇಂಗ್ಲಿಷ್ ಎಂದೇ ಬಿಟ್ಟಿದ್ದರೆ ಕನ್ನಡ ಪುಟದಿಂದ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಕನ್ನಡ ಬರುತ್ತಿಲ್ಲ ಎಂದು ದೂರುವವರಲ್ಲಿ ಹೆಚ್ಚಿನವರ ತೊಂದರೆ ಇಷ್ಟೇ.

ನಮ್ಮ ಕಡೆ ಇನ್ನೊಂದು ವಿಷಯ ನೆನಪಿಡಬೇಕು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಜೊತೆ ಇತ್ತು. ಹಳೆ ಕಾಗದ ತೆಲುಗು, ಇಂಗ್ಲಿಷ್, ಕನ್ನಡ ಮೂರರಲ್ಲೂ ಸಿಗುತ್ತದೆ. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು, ಆಡಳಿತ ಉರ್ದುವಿನಲ್ಲಿ ನಡೆಯುತ್ತಿತ್ತು. ಟೆಸರಾಕ್ಟ್‌ಗೆ ಉರ್ದು, ತೆಲುಗು ಕೂಡ ಗೊತ್ತು. ಪುಟ ಯಾವ ಭಾಷೆಯಲ್ಲಿದೆ ಎಂದು ಮೊದಲು ನೋಡಿ, ಆ ಭಾಷೆ ಆರಿಸಿ. ಬೇಡದ ಭಾಷೆ ಸೇರಿಸಿದರೆ ತಪ್ಪು ಜಾಸ್ತಿಯಾಗುತ್ತದೆ.

ಕೈಬರಹಕ್ಕೆ ಇದರಿಂದ ಏನೂ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಅದು ಮುದ್ರಣದ ಅಕ್ಷರಕ್ಕೆ ಮಾಡಿದ್ದು. ಕೈಬರಹದ ಉರ್ದು ಪತ್ರ, ಬಯಲಾಟದ ಪುಸ್ತಕ, ದಾಸರ ಪದಗಳ ಹಸ್ತಪ್ರತಿ, ಇವನ್ನು ಓದಬಲ್ಲ ಹಿರಿಯರನ್ನು ಹುಡುಕಿ, ಸ್ಕ್ಯಾನ್ ಅವರ ಮುಂದಿಟ್ಟು ಬರೆಸಿಕೊಳ್ಳಿ. ಅವರು ಇರುವಾಗಲೇ ಈ ಕೆಲಸ ಆಗಬೇಕು.

ಮುದ್ರಣದಲ್ಲೂ ಕನ್ನಡ ಸೊನ್ನೆ ೦ ಮತ್ತು ಅನುಸ್ವಾರ ಅದಲು ಬದಲಾಗುತ್ತವೆ. ಅಂಕಿಗಳನ್ನು ಒಂದೊಂದಾಗಿ ಕಣ್ಣಲ್ಲೇ ನೋಡಿ.

ಪಿಡಿಎಫ್, ಜೆಪೆಗ್, ಟಿಫ್. ಯಾವುದರಲ್ಲಿ ಉಳಿಸಲಿ?

ಉಳಿಸಿಡುವ ಮೂಲಕ್ಕೆ ಟಿಫ್ ಅಥವಾ ಪಿಎನ್‌ಜಿ. ಇವು ಏನನ್ನೂ ಬಿಸಾಡುವುದಿಲ್ಲ. ಜೆಪೆಗ್ ಪ್ರತಿ ಸಲ ತಿದ್ದಿ ಉಳಿಸಿದಾಗ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತದೆ. ಜಾಗ ಸಾಲದಿದ್ದರೆ ಜೆಪೆಗ್ ಗುಣಮಟ್ಟ 90ಕ್ಕಿಂತ ಮೇಲಿಟ್ಟು ಒಂದೇ ಸಲ ಉಳಿಸಿ. ಹಲವು ಪುಟದ ಪತ್ರಕ್ಕೆ ಪಿಡಿಎಫ್ ಅನುಕೂಲ. ಪಿಡಿಎಫ್ ಸೆಟ್ಟಿಂಗ್ಸ್‌ನಲ್ಲಿ ಪಿಡಿಎಫ್/ಎ ಎಂಬ ಆಯ್ಕೆ ಇದ್ದರೆ ಆರಿಸಿ. ಅದು ದೀರ್ಘಕಾಲ ಇಡಲೆಂದೇ 2005ರಲ್ಲಿ ಬಂದ ಅಂತಾರಾಷ್ಟ್ರೀಯ ಮಾನದಂಡ. ಮೂಲ ಪ್ರತಿಗೆ ಪಾಸ್‌ವರ್ಡ್ ಹಾಕಬೇಡಿ, ಮರೆತರೆ ಮಕ್ಕಳಿಗೂ ಸಿಗುವುದಿಲ್ಲ.

ಪಿಡಿಎಫ್ ಕುಗ್ಗಿಸುವ ಆಯ್ಕೆಯ ಬಗ್ಗೆ ಒಂದು ಎಚ್ಚರಿಕೆ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಒಂದು ವಿಷಯ ಪತ್ತೆ ಮಾಡಿದರು. ಝೆರಾಕ್ಸ್ ಕಂಪನಿಯ ಕೆಲವು ಯಂತ್ರಗಳಲ್ಲಿ ಸ್ಕ್ಯಾನ್ ಮಾಡಿದ ಕಾಗದದ 6 ಕೆಲವು ಕಡೆ 8 ಆಗಿ ಬರುತ್ತಿತ್ತು. ಜೆಬಿಗ್2 ಎಂಬ ಕುಗ್ಗಿಸುವ ವಿಧಾನ ಒಂದೇ ತರಹ ಕಾಣುವ ಆಕಾರಗಳನ್ನು ಒಂದೇ ಎಂದು ಭಾವಿಸಿ, ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುತ್ತಿತ್ತು. ಕಂಪನಿ ಆಮೇಲೆ ತಂತ್ರಾಂಶ ಸರಿಪಡಿಸಿತು. ಭಯ ಹುಟ್ಟಿಸುವ ಮಾತೆಂದರೆ, ತಪ್ಪು ಅಂಕಿ ಮಸುಕಾಗಿರಲಿಲ್ಲ, ಸ್ಪಷ್ಟವಾಗಿತ್ತು. ಎಕರೆ, ಗುಂಟೆ, ಸರ್ವೆ ನಂಬರ್ ಇರುವ ಕಾಗದಕ್ಕೆ ಕಂಪ್ರೆಷನ್ (ಕುಗ್ಗಿಸುವ) ಆಯ್ಕೆಯಲ್ಲಿ ಏನನ್ನೂ ಕಳೆಯದ ಲಾಸ್‌ಲೆಸ್ ಅಥವಾ ಅತಿ ಹೆಚ್ಚಿನ ಗುಣಮಟ್ಟ ಇಡಿ. ಮೂಲ ಕಾಗದವನ್ನು ಯಾವತ್ತೂ ಎಸೆಯಬೇಡಿ.

ಸರ್ಕಾರಿ ಪೋರ್ಟಲ್ ಸಣ್ಣ ಫೈಲ್ ಕೇಳುತ್ತದೆ. ಆಗ?

ಮೂಲವನ್ನು ಮುಟ್ಟಬೇಡಿ. ಕಳಿಸಲು ಎಂದು ಬೇರೆ ಪ್ರೊಫೈಲ್ ಮಾಡಿ. 150 ಡಿಪಿಐ, ಗ್ರೇ, ಜೆಪೆಗ್ ಗುಣಮಟ್ಟ 60ರ ಸುತ್ತ. ಸೀಲು, ಸಹಿ, ಅಂಕಿ ಓದಲು ಬರುತ್ತವೆಯೇ ಎಂದು ನೋಡಿಯೇ ಅಪ್‌ಲೋಡ್ ಮಾಡಿ.

ಹಳೆ ಫೋಟೊ, ನೆಗೆಟಿವ್‌ಗೆ ಏನು ಸೆಟ್ಟಿಂಗ್?

ಪೋಸ್ಟ್‌ಕಾರ್ಡ್ ಅಳತೆಯ ಫೋಟೊಗೆ 600. ಗುರುತಿನ ಚೀಟಿಯಿಂದ ತೆಗೆದ ಪುಟ್ಟ ಫೋಟೊ ಮಾತ್ರ ಉಳಿದಿದ್ದರೆ 1200. ಒಂದು ಇಂಚಿನ ಫೋಟೊ 1200 ಚುಕ್ಕಿ ಕೊಡುತ್ತದೆ. ಅದನ್ನು 300ರ ಲೆಕ್ಕದಲ್ಲಿ ನಾಲ್ಕು ಇಂಚಿಗೆ ಹಿಗ್ಗಿಸಿ ಚೆನ್ನಾಗಿ ಪ್ರಿಂಟ್ ಹಾಕಿಸಬಹುದು. ಗೋಡೆಗೆ ಹಾಕುವ ದೊಡ್ಡ ಚಿತ್ರ ಬೇಕಾದರೂ ಮೂಲದಲ್ಲಿ ಇಲ್ಲದ ವಿವರ ಸ್ಕ್ಯಾನರ್‌ನಿಂದ ಹುಟ್ಟುವುದಿಲ್ಲ.

35 ಎಂಎಂ ನೆಗೆಟಿವ್‌ಗೆ 2400ರಿಂದ 3200. ಮುಚ್ಚಳದಲ್ಲಿ ದೀಪ ಇರುವ ಸ್ಕ್ಯಾನರೇ ಬೇಕು, ಸಾಮಾನ್ಯ ಯಂತ್ರದಲ್ಲಿ ಆಗುವುದಿಲ್ಲ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಧೂಳು ಗುರುತಿಸುವ ಇನ್‌ಫ್ರಾರೆಡ್ ಕ್ಲೀನ್ ಎಂಬ ಆಯ್ಕೆ ಕಲರ್ ನೆಗೆಟಿವ್‌ಗೆ ಒಳ್ಳೆಯದು. ಕಪ್ಪು ಬಿಳುಪಿನ ಹಳೆ ನೆಗೆಟಿವ್‌ಗೆ ಆಫ್ ಮಾಡಿ. ಅದರಲ್ಲಿರುವ ಬೆಳ್ಳಿ ಇನ್‌ಫ್ರಾರೆಡ್ ಬೆಳಕನ್ನು ತಡೆಯುತ್ತದೆ, ಯಂತ್ರ ಮುಖವನ್ನೇ ಧೂಳು ಎಂದುಕೊಳ್ಳುತ್ತದೆ.

ಪತ್ರಿಕೆಯ ಚಿತ್ರದಲ್ಲಿ ಅಲೆ ಅಲೆಯಾದ ಗೆರೆ ಬರುತ್ತದೆ.

ಮುದ್ರಣದ ಚುಕ್ಕಿಗಳೂ ಸ್ಕ್ಯಾನರ್ ಚುಕ್ಕಿಗಳೂ ತಾಳೆಯಾಗದೆ ಹೀಗಾಗುತ್ತದೆ. 600ರಲ್ಲಿ ಸ್ಕ್ಯಾನ್ ಮಾಡಿ, ಪ್ರತಿಯನ್ನು ಅರ್ಧಕ್ಕೆ ಇಳಿಸಿ. ಈ ಅಲೆ ತೆಗೆಯುವ ಡಿಸ್ಕ್ರೀನ್ ಆಯ್ಕೆಯನ್ನು ಚಿತ್ರಕ್ಕೆ ಮಾತ್ರ ಬಳಸಿ, ಅಕ್ಷರಗಳಿಗೆ ಬಳಸಿದರೆ ಅವು ಮಂಕಾಗುತ್ತವೆ.

ಹತ್ತಿ ಮಾರಾಟದ ತೂಕದ ಚೀಟಿ, ಎಟಿಎಂ ಚೀಟಿ ಕಾಣದಂತಾಗಿವೆ. ಸ್ಕ್ಯಾನ್‌ನಲ್ಲಿ ಬರುತ್ತವಾ?

ಇನ್ನೂ ಸ್ವಲ್ಪ ಕಾಣುತ್ತಿದ್ದರೆ ಬರುತ್ತವೆ. ಕಲರ್, 600 ಡಿಪಿಐ, ಎಲ್ಲ ಆಟೊ ಆಫ್. ಪ್ರತಿಯಲ್ಲಿ ಕಾಂಟ್ರಾಸ್ಟ್ ಏರಿಸಿ ನೋಡಿ. ಥರ್ಮಲ್ ಕಾಗದದಲ್ಲಿ ಮಸಿಯೇ ಇರುವುದಿಲ್ಲ. ಶಾಖಕ್ಕೆ ಇಡೀ ಚೀಟಿ ಕಪ್ಪಾಗುತ್ತದೆ, ಬೆಳಕಿಗೆ ಅಕ್ಷರ ಮಾಸುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಟ್ರ್ಯಾಕ್ಟರ್ ಸೀಟಿನ ಕೆಳಗೆ ಇಟ್ಟ ಚೀಟಿ ಬಹಳ ದಿನ ಬಾಳುವುದಿಲ್ಲ. ಮಾರಾಟದ ದಿನವೇ ಸ್ಕ್ಯಾನ್ ಮಾಡಿ.

ಫೈಲ್ ಹೆಸರು ತಾನೇ ಬರುವಂತೆ ಮಾಡಬಹುದಾ?

ಪ್ರೊಫೈಲ್‌ನಲ್ಲಿ ಆಟೊ ಸೇವ್ ಆನ್ ಮಾಡಿ. ವರ್ಷ, ತಿಂಗಳು, ದಿನ, ಕ್ರಮಸಂಖ್ಯೆ ತಾನೇ ಸೇರುವಂತೆ ಅಲ್ಲಿ ಹೊಂದಿಸಬಹುದು. ಆದರೆ ಅದು ಸ್ಕ್ಯಾನ್ ಮಾಡಿದ ದಿನ, ಕಾಗದದ ದಿನ ಅಲ್ಲ. ಕಾಗದದ ವರ್ಷವನ್ನು ಹೆಸರಿನ ಮೊದಲಿಗೆ ನೀವೇ ಸೇರಿಸಿ.

ಹಳೆ ಕಂದಾಯ ಕಾಗದದಲ್ಲಿ ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ, ಇರುತ್ತದೆ, ನಿಜಾಮರ ಕಡೆಯೂ ಮದ್ರಾಸ್ ಕಡೆಯೂ. ಅದಕ್ಕೆ 590 ಕೂಡಿಸಿದರೆ ಸುಮಾರಾಗಿ ಇಸವಿ ಬರುತ್ತದೆ. ಫಸಲಿ 1350 ಎಂದಿದ್ದರೆ 1940-41. ಎರಡನ್ನೂ ಹೆಸರಿನಲ್ಲಿ ಬರೆಯಿರಿ.

ಅರ್ಧಕ್ಕೇ ಕರೆಂಟ್ ಹೋಯಿತು. ಸ್ಕ್ಯಾನ್ ಮಾಡಿದ್ದೆಲ್ಲ ಹೋಯಿತಾ?

ನ್ಯಾಪ್ಸ್2 ಆದರೆ ಮತ್ತೆ ತೆರೆದಾಗ, ಉಳಿಸದ ಪುಟಗಳನ್ನು ವಾಪಸ್ ತರಲೇ ಎಂದು ಕೇಳುತ್ತದೆ. ರಿಕವರ್ ಒತ್ತಿ. ಬೇರೆ ತಂತ್ರಾಂಶಗಳಲ್ಲಿ ಈ ಭರವಸೆ ಇಲ್ಲ, ಹತ್ತು ಪುಟಕ್ಕೊಮ್ಮೆ ಉಳಿಸಿ.

ಸ್ಕ್ಯಾನರ್ ಪಟ್ಟಿಯಲ್ಲಿ ಕಾಣುತ್ತಿಲ್ಲ. ಟ್ವೈನ್, ವಿಯಾ ಎಂದು ಏನೋ ಕೇಳುತ್ತದೆ.

ಅವು ತಂತ್ರಾಂಶ ಸ್ಕ್ಯಾನರ್ ಜೊತೆ ಮಾತಾಡುವ ಬೇರೆ ಬೇರೆ ದಾರಿಗಳು. ವಿಂಡೋಸ್‌ನಲ್ಲಿ ಮೊದಲು ವಿಯಾ ನೋಡಿ. ಬೇಕಾದ ಆಯ್ಕೆ ಸಿಗದಿದ್ದರೆ ಟ್ವೈನ್. ವೈಫೈ ಸ್ಕ್ಯಾನರ್‌ಗೆ ಇಎಸ್‌ಸಿಎಲ್. ಲಿನಕ್ಸ್‌ನಲ್ಲಿ ಸೇನ್.

ಏನೇನೋ ಬದಲಿಸಿ ಎಲ್ಲ ಗೊಂದಲವಾಗಿದೆ. ಮೊದಲಿನ ಹಾಗೆ ಮಾಡುವುದು ಹೇಗೆ?

ನ್ಯಾಪ್ಸ್2ರಲ್ಲಿ ಹಳೆ ಪ್ರೊಫೈಲ್ ಅಳಿಸಿ ಹೊಸದು ಮಾಡಿ. ವ್ಯೂಸ್ಕ್ಯಾನ್‌ನಲ್ಲಿ ಫೈಲ್ ಮೆನುವಿನ ಡೀಫಾಲ್ಟ್ ಆಪ್ಷನ್ಸ್ ಒತ್ತಿ. ಬೇರೆಯವುಗಳಲ್ಲಿ ರೀಸೆಟ್ ಎಂಬ ಬಟನ್ ಹುಡುಕಿ. ಆಗಲೇ ಸ್ಕ್ಯಾನ್ ಮಾಡಿ ಉಳಿಸಿದ ಫೈಲ್‌ಗಳಿಗೆ ಇದರಿಂದ ಏನೂ ಆಗುವುದಿಲ್ಲ. ರೀಸೆಟ್ ಆದ ಮೇಲೆ ಆಟೊ ಕ್ರಾಪ್, ಶಾರ್ಪನ್ ಮತ್ತೆ ಆನ್ ಆಗಿರಬಹುದು. ಮೊದಲ ಪುಟ ಇಡುವ ಮುಂಚೆ ಅವೆರಡನ್ನೂ ನೋಡಿಕೊಳ್ಳಿ.